ಪರವಾನಗಿ ಮುಗಿದ ಶ್ರಾವಣ

ಮೊನ್ನೆ ಧಾರವಾಡದಿಂದ ಹುಬ್ಬಳ್ಳಿಗೆ ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಹೆಣ್ಣುಮಗಳು ಬಂದು ಕೂತಳು. ರಾಯಾಪುರದಲ್ಲಿ ಹತ್ತಿದವಳು. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ಅವಳ ತಲೆಯಿಂದ ಬೇವಿನೆಣ್ಣೆಯ ವಾಸನೆ ಬಂತು, ಜೊತೆಗೆ ಒಂದಿಷ್ಟು ಕರ್ಪೂರದ್ದು. ಹೇನು ಹೋಗಲೆಂದು ಹಚ್ಚುವ ಎಣ್ಣೆ ಅದು. ಪಕ್ಕದವರು ಮೂಗಿಗೆ ಸೆರಗು ಹಿಡಿದರು. ಒಂದು ಕಾಲಕ್ಕೆ ನನ್ನ ಕೈ, ನನ್ನ ಸೀರೆ, ನನ್ನ ಊಟದ ಡಬ್ಬಿ ಎಲ್ಲವೂ ಅದೇ ವಾಸನೆ ಬೀರುತ್ತಿದ್ದವು. ನನಗೆ ಕೆಲಸವಿದ್ದದ್ದು ದೇಶಪಾಂಡೆ ನಗರದಲ್ಲಿ. ಆದರೂ ಬೈರಿದೇವರಕೊಪ್ಪ ಬಂದ ಕೂಡಲೇ ಇಳಿದುಬಿಟ್ಟೆ.

ನಾನು ಕೆಲಸ ಮಾಡುತ್ತಿದ್ದ ಆ ಮನೆ ಇದ್ದಲ್ಲೇ ಇದೆ. ಈಗ ಕೆಲಸಕ್ಕೆ ಹೋಗುವ ಹುಡುಗಿಯರ ಪಿ.ಜಿ. ಆಗಿದೆ. ಮಹಡಿಯ ಕಟಾಂಜನದ ಮೇಲೆ ಬಣ್ಣಬಣ್ಣದ ಟವೆಲ್ಲುಗಳು ಒಣಗದೆ ಜೋತುಬಿದ್ದಿದ್ದವು. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೊಡೆ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆರೇಳು ವರ್ಷ ದಿನಾ ಬೆಳಿಗ್ಗೆ ಆ ಬಾಗಿಲು ದಾಟಿ ಒಳಗೆ ಹೋದವಳು ನಾನು. ಆದರೆ ನೆನಪಾದದ್ದು ಕಡೆಯ ಒಂದು ಮಳೆಗಾಲ ಮಾತ್ರ.

ಆ ಮನೆಯನ್ನು ನಡೆಸುತ್ತಿದ್ದವರು ಶಾಂತಕ್ಕ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಮನೆತನದವರು. ಮದುವೆಯಾಗದೆ ಉಳಿದು, ಮನೋರೋಗಿಗಳ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾಗಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಬುದ್ಧಿ ಸ್ತಿಮಿತ ತಪ್ಪಿ ಅಲೆಯುವ ಹೆಂಗಸರನ್ನು ಪೊಲೀಸರು ಕರೆತಂದು ಇಲ್ಲಿ ಬಿಡುತ್ತಿದ್ದರು. ಸ್ನಾನ, ಊಟ, ಔಷಧಿ, ನಿದ್ದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಕೆಲವರಿಗೆ ಊರು ನೆನಪಾಗುತ್ತಿತ್ತು. ಆ ಊರನ್ನು ಹುಡುಕಿ, ಅವರನ್ನು ಕರೆದೊಯ್ದು ಮನೆ ಮುಟ್ಟಿಸಿ ಬರುವುದು ನನ್ನ ಕೆಲಸ. ಅಡುಗೆ ಮತ್ತು ಆರೈಕೆ ಮುಮ್ತಾಜಬಿಯದು. ಗ್ಯಾರೇಜ್ ಮೆಕ್ಯಾನಿಕ್ಕನ ಹೆಂಡತಿ, ಗಟ್ಟಿ ದನಿಯವಳು. ಮೈಮೇಲೆ ಬೀಳುವ ರೋಗಿಯನ್ನು ಬೈದು, ಅದೇ ಉಸಿರಿನಲ್ಲಿ ಅವಳ ತಲೆ ಬಾಚುವವಳು.

ಇದಕ್ಕೆಲ್ಲ ಖರ್ಚು ಬರುತ್ತಿದ್ದದ್ದು ಹೊರದೇಶದಿಂದ. ಶಾಂತಕ್ಕ ಹರೆಯದಲ್ಲಿ ತರಬೇತಿಗೆಂದು ಹೋಗಿದ್ದ ಒಂದು ಚಿಕ್ಕ ಊರಿನ ನರ್ಸುಗಳು ಇವರನ್ನು ಮರೆತಿರಲಿಲ್ಲ. ವರ್ಷಕ್ಕೊಮ್ಮೆ ಕೇಕು ಮಾರಿ, ಹಳೇ ಬಟ್ಟೆ ಮಾರಿ ಕೂಡಿಸಿದ್ದನ್ನು ಕಳಿಸುತ್ತಿದ್ದರು. ಹಾಗೆ ಬರುವ ಹಣ ಪಡೆಯಲು ಸರಕಾರದ ಪರವಾನಗಿ ಬೇಕು, ಐದು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು. ಕಾಯ್ದೆ ಬಿಗಿಯಾದ ಮೇಲೆ ದಿಲ್ಲಿಯ ಒಂದೇ ಬ್ಯಾಂಕ್ ಶಾಖೆಯಲ್ಲಿ ಖಾತೆ ತೆರೆಯಬೇಕಾಯಿತು, ಅದನ್ನೂ ತೆರೆದೆವು. ಕೇಳಿದ್ದನ್ನೆಲ್ಲ ಕೊಟ್ಟು, ನವೀಕರಣಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆವು.

ಆ ಕಡೆಯ ಮಳೆಗಾಲಕ್ಕೆ ಒಂದು ವರ್ಷ ಮೊದಲು, ಶ್ರಾವಣದಲ್ಲಿ ರೈಲ್ವೆ ಪೊಲೀಸರು ಒಬ್ಬಳನ್ನು ಕರೆತಂದಿದ್ದರು. ಮೂವತ್ತರ ಆಸುಪಾಸಿನ ಕಪ್ಪು ಮೈಬಣ್ಣದ ಹೆಂಗಸು. ಮುಂಗೈ ಮೇಲೆ ಚುಕ್ಕೆಚುಕ್ಕೆಯ ಹಚ್ಚೆ. ಜಡೆಗಟ್ಟಿದ ಕೂದಲನ್ನು ಮುಮ್ತಾಜಬಿ ಎರಡು ದಿನ ಎಣ್ಣೆ ಹಾಕಿ ಬಿಡಿಸಿದ್ದಳು. ಹೆಸರು ಹೇಳಲಿಲ್ಲವೆಂದು ಶ್ರಾವಣಿ ಎಂದು ಕರೆದೆವು. ಬಹಳ ದಿನ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಔಷಧಿ ಮೈಗೆ ಹತ್ತಿದ ಮೇಲೆ ಒಂದೊಂದು ಮಾತು ಹೊರಬಂತು. ಹಿಂದಿಯಲ್ಲ, ತೆಲುಗಲ್ಲ, ಮರಾಠಿಯಲ್ಲ. ನಮ್ಮಲ್ಲಿ ಎರಡೂ ಹೊತ್ತು ರೊಟ್ಟಿ, ಪಲ್ಯದ್ದೇ ಊಟ. ಊಟಕ್ಕೆ ಕೂತಾಗ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ "ದಾಕಾ, ದಾಕಾ" ಎನ್ನುತ್ತಿದ್ದಳು. ಬಾಂಗ್ಲಾದ ಢಾಕಾ ಇರಬೇಕು, ಊರಿನ ನೆನಪಾಗಿ ಊಟ ಬಿಡುತ್ತಾಳೆ ಎಂದು ನಾವೆಲ್ಲ ಮರುಗಿದೆವು.

ಬೇಸಿಗೆಯ ಕೊನೆಗೆ ನವೀಕರಣದ ವಿಚಾರಣೆಗೆಂದು ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ. ಚಪ್ಪಲಿ ಹೊರಗೇ ಬಿಟ್ಟು ಬಂದು, ಕೋಣೆಕೋಣೆ ನೋಡಿ, ಮುಮ್ತಾಜಬಿ ಕೊಟ್ಟ ಚಹಾ ಕುಡಿದರು.

"ಇವ್ರೆಲ್ಲಾ ಯಾವ ಧರ್ಮದವ್ರ ಅದಾರ್ರೀ?" ಎಂದು ಕೇಳಿದರು.

"ಅರ್ಧಾ ಮಂದಿಗೆ ತಮ್ಮ ಹೆಸರ ನೆನಪಿಲ್ರೀ ಸಾಹೇಬ್ರ," ಅಂದರು ಶಾಂತಕ್ಕ. "ಧರ್ಮ ಯಾರನ್ನ ಕೇಳೂದು?"

ಅವರು ನಕ್ಕರು. "ನನಗೂ ತಿಳೀತೈತ್ರೀ. ಆದ್ರ ಬರಕೊಂಡು ಹೋಗಬೇಕಲ್ಲ. ಇಲ್ಲಿ ಯಾರರೆ ಪ್ರಾರ್ಥನಿ ಗೀರ್ಥನಿ ಮಾಡಸ್ತಾರೇನು?"

"ಮುಂಜಾನೆ ನಾ ಒಂದ್ ವಚನ ಹೇಳ್ತೇನಿ. ಮುಮ್ತಾಜ ತನ್ನ ನಮಾಜ್ ಮಾಡ್ತಾಳ. ಉಳದವ್ರು ಚಹಾದ ಹಾದಿ ನೋಡ್ತಾರ. ಅಷ್ಟ ನೋಡ್ರಿ ಇಲ್ಲಿ ಪ್ರಾರ್ಥನಿ."

ಅಷ್ಟರಲ್ಲಿ ಊಟದ ಗಂಟೆ ಆಯಿತು. ಶ್ರಾವಣಿ ತಾಟಿನ ಮುಂದೆ ಕೂತು ತನ್ನ ಎಂದಿನ ಮಾತು ಶುರುಮಾಡಿದಳು. ಅಧಿಕಾರಿ ಕಿವಿಗೊಟ್ಟು ಕೇಳಿದರು. "ಢಾಕಾ ಅಂತಾಳಲ್ಲ. ಬಾಂಗ್ಲಾದಾಕಿ ಏನ್ರೀ?" ಗೊತ್ತಿಲ್ಲ, ಹುಡುಕುತ್ತಿದ್ದೇವೆ ಎಂದೆ. ಅವರು ಮತ್ತೇನೂ ಕೇಳದೆ ಹೊರಟರು.

ಜ್ಯೇಷ್ಠದ ಮೊದಲ ಮಳೆ ಬಿದ್ದ ಹೊತ್ತಿಗೆ ನನಗೆ ಒಂದು ದಾರಿ ಹೊಳೆಯಿತು. ರಾಯಾಪುರದ ಹತ್ತಿರ ದೊಡ್ಡದೊಂದು ಕಟ್ಟಡ ಏಳುತ್ತಿತ್ತು, ಕೆಲಸಕ್ಕೆ ಉತ್ತರದ ಕಡೆಯ ಜನ ಬಂದಿದ್ದರು. ಶ್ರಾವಣಿಯ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಂಡು ತಗಡಿನ ಶೆಡ್ಡುಗಳ ಸಾಲಿನಲ್ಲಿ ಕೇಳಿಸುತ್ತ ಹೋದೆ. ಬಹಳ ಜನ ತಲೆಯಾಡಿಸಿದರು. ಕಡೆಯ ಶೆಡ್ಡಿನಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದ ಒಬ್ಬ ಹೆಂಗಸು ತಟ್ಟನೆ ಮುಖ ಎತ್ತಿದಳು. ಇದು ನಮ್ಮ ಮಾತು, ಸಂತಾಲಿ ಅಂದಳು ಹಿಂದಿಯಲ್ಲಿ. ಢಾಕಾ ಊರಿನವಳಾ ಎಂದು ಕೇಳಿದೆ. ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ದಾಕಾ ಅಂದರೆ ಅನ್ನ. ಈ ಹೆಂಗಸು ಅನ್ನ ಕೇಳುತ್ತಿದ್ದಾಳೆ ಅಂದಳು.

ಮನೆಗೆ ಬಂದು ಹೇಳಿದಾಗ ಮುಮ್ತಾಜಬಿ ಲಟ್ಟಣಿಗೆ ಕೆಳಗಿಟ್ಟು ಅಲ್ಲೇ ಕೂತಳು. "ಯಾ ಅಲ್ಲಾ. ತಿಂಗಳಗಟ್ಟಲೆ ಅನ್ನ ಅನ್ನ ಅಂತ ಕೇಳ್ಯಾಳ. ನಾ ರೊಟ್ಟಿ ಬಡದು ಬಡದು ಹಾಕೇನಿ," ಅಂದಳು. ಆ ಸಂಜೆ ಬೋಗುಣಿ ತುಂಬ ಅನ್ನ ಮಾಡಿ, ಮುಂದೆ ಕೂತು ಉಣಿಸಿದಳು.

ಭಾನುವಾರ ಆ ಕೂಲಿ ಹೆಂಗಸನ್ನು ಕರೆತಂದೆ. ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಅಷ್ಟು ದಿನ ಎರಡು ಮಾತಿಗೆ ಮೂರನೆಯದು ಆಡದವಳು ನಿಲ್ಲಿಸದೆ ಮಾತಾಡಿದಳು, ಅತ್ತಳು, ಮತ್ತೆ ಮಾತಾಡಿದಳು. ಅವಳ ಹೆಸರು ಫುಲ್ಮಣಿ. ಒಡಿಶಾದ ಮಯೂರಭಂಜ ಕಡೆಯವಳು. ಗಂಡನ ಜೊತೆ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೋಗಿದ್ದಾಗ ಗಂಡ ಸತ್ತ. ಆಮೇಲಿನದು ಅವಳಿಗೂ ಗೊತ್ತಿಲ್ಲ. ಹಳ್ಳಿಯ ಹೆಸರು ಸರಿಯಾಗಿ ಹೇಳಲಾರಳು. ಆದರೆ ವಾರದ ಸಂತೆಯ ಊರು, ಅದರ ಪಕ್ಕದ ಹೊಳೆ, ಒಬ್ಬ ಅಣ್ಣ, ಇಷ್ಟು ನೆನಪಿದ್ದವು. ನನಗೆ ಅಷ್ಟು ಸಾಕಿತ್ತು. ಫೋನ್ ಹಚ್ಚಿ ಹಚ್ಚಿ ಹುಡುಕಿ, ದಸರೆಯ ಹೊತ್ತಿಗೆ ಅವಳನ್ನು ಮನೆ ಸೇರಿಸುತ್ತೇನೆಂದು ಲೆಕ್ಕ ಹಾಕಿದೆ. ಶಾಂತಕ್ಕ ಆ ಅಧಿಕಾರಿಗೂ ಫೋನ್ ಮಾಡಿ ದಾಕಾದ ಅರ್ಥ ತಿಳಿಸಿದರು. "ಛಲೋ ಆತ್ರಿ ಅಕ್ಕಾರ," ಅಂದರಂತೆ ಅವರು.

ಆಷಾಢದಲ್ಲಿ ಒಂದು ಮಧ್ಯಾಹ್ನ ನಮ್ಮ ಆಡಿಟರ್ ತೊಯಿಸಿಕೊಂಡೇ ಬಂದರು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಬಂದಿದ್ದರು.

"ನವೀಕರಣ ಆಗಿಲ್ರೀ ಅಕ್ಕಾರ. ಅರ್ಜಿ ತಿರಸ್ಕಾರ ಆಗೇತಿ. ಇನ್ನ ಹೊರಗಿಂದ ರೊಕ್ಕ ತಗೋಳೂ ಹಂಗಿಲ್ಲ. ಖಾತೇದಾಗ ಇದ್ದದ್ದನ್ನೂ ಮುಟ್ಟೂ ಹಂಗಿಲ್ಲ."

"ಮುಟ್ಟೂ ಹಂಗಿಲ್ಲ ಅಂದ್ರ? ನಾಳಿಗೆ ಗುಳಿಗಿ ತರಬೇಕಲ್ಲಪಾ," ಅಂದರು ಶಾಂತಕ್ಕ.

"ಗುಳಿಗಿಗೂ ಇಲ್ರೀ. ಆ ರೊಕ್ಕದಾಗ ತಂದ ಮಂಚ, ವ್ಯಾನು, ಮಶೀನು ಯಾವುದನ್ನೂ ಮಾರಬ್ಯಾಡ್ರಿ, ಯಾರಿಗೂ ಕೊಡಬ್ಯಾಡ್ರಿ. ಏನ್ ಮಾಡೂದು ಅಂತ ಮ್ಯಾಲಿಂದ ತಿಳಿಯೂ ತನಕಾ ಹಂಗ ಇರಲಿ."

"ತಪ್ಪರೆ ಏನಾಗೇತಿ?"

"ಕಾರಣ ಹೇಳಿಲ್ರೀ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾಯ್ದೆ ಸುಮ್ಮನ ಬಂದಿಲ್ಲ ಅಕ್ಕಾರ. ಸೇವಾ ಅಂತ ಹೇಳಿ ಹೊರಗಿನ ರೊಕ್ಕ ನುಂಗಿದವ್ರು, ಬ್ಯಾರೇನೋ ಮಾಡಿದವ್ರು ಅದಾರ. ಒಣಗಿದ್ದರ ಸಂಗಾಟ ಹಸೀದೂ ಸುಡತೈತಿ. ಮ್ಯಾಲ ಮನವಿ ಹಾಕೂಣು. ಆದ್ರ ಲಗೂ ಆಗೂ ಕೆಲಸ ಅಲ್ಲ ಅದು."

ಕಿಟಕಿಯಾಚೆ ಹಗ್ಗದ ಮೇಲಿನ ಬಟ್ಟೆಗಳು ಮಳೆಗೆ ನೆನೆಯುತ್ತಿದ್ದವು. ಯಾರೂ ಎದ್ದು ತರಲಿಲ್ಲ.

ಮರುದಿನದಿಂದ ಅವರು ಹುಬ್ಬಳ್ಳಿಯ ಪೇಟೆ ತಿರುಗಿದರು. ಜೊತೆಗೆ ನಾನು. ಹತ್ತಿಯ ಅಡತಿ ಅಂಗಡಿ, ಕಾಳಿನ ಅಂಗಡಿ, ಬಟ್ಟೆಯ ಅಂಗಡಿ. ನಮ್ಮ ಊರಿನವರಿಗೆ ಕೊಡುವ ಕೈ ಇಲ್ಲವೆಂದು ನಾನು ಯಾವತ್ತೂ ಹೇಳಲಾರೆ. ಒಬ್ಬ ಮುಸಲ್ಮಾನ ಹಾರ್ಡ್‌ವೇರ್ ವ್ಯಾಪಾರಿ ಅಂದೇ ಅಕ್ಕಿಯ ಚೀಲಗಳನ್ನು ಟಂಟಂ ಗಾಡಿಗೆ ಹಾಕಿ ಕಳಿಸಿದ. ಮಠದವರು ಎಣ್ಣೆ, ಬೇಳೆ ಕೊಟ್ಟರು. ಆದರೆ ನರ್ಸಿನ ಪಗಾರ, ವಾರಕ್ಕೊಮ್ಮೆ ಬರುವ ಮನೋವೈದ್ಯರ ಖರ್ಚು ಎಂದ ಕೂಡಲೇ ಮುಖಗಳು ಬದಲಾಗುತ್ತಿದ್ದವು.

ಶಾಂತಕ್ಕನ ಸ್ವಂತ ಕಾಕಾನ ಮಗ ಗಾದಿಯ ಮೇಲೆ ಕೂತು ಹೇಳಿದ: "ಅಕ್ಕಾ, ಅನ್ನಕ್ಕ ಕೇಳು, ಚೀಲಗಟ್ಟಲೆ ಕಳಸ್ತೇನಿ. ಪಗಾರಕ್ಕ ಕೊಡು ಅಂದ್ರ ಹೆಂಗ? ಪುಣ್ಯದ ಕೆಲಸಕ್ಕ ಪಗಾರ ಎಲ್ಲೆರೆ ಇರ್ತೈತೇನು?" ಆಮೇಲೆ ದನಿ ತಗ್ಗಿಸಿದ. "ಮತ್ತ ಇನ್ನೊಂದ್ ಮಾತು. ಸಿಟ್ಟಾಗಬ್ಯಾಡ. ಸರಕಾರದವ್ರು ಹೊರದೇಶದ ರೊಕ್ಕ ನಿಲ್ಲಿಸ್ಯಾರ ಅಂದ್ರ ಒಳಗ ಏನರೆ ಇರಬೇಕು ಅಂತ ಮಂದಿ ಮಾತಾಡಾಕತ್ತಾರ."

ಶಾಂತಕ್ಕ ಮುಂದಿಟ್ಟ ಚಹಾ ಮುಟ್ಟದೆ ಎದ್ದರು. ಮೆಟ್ಟಿಲಿಳಿಯುವಾಗ ಕೈ ಹಿಡಿದುಕೊಂಡೆ. "ಗಿರಿಜಾ, ನಲವತ್ತ್ ವರ್ಷ ಹುಚ್ಚರ ಸಂಗಾಟ ಬಾಳೇವು ಮಾಡೇನಿ. ಒಬ್ರೂ ನನ್ನ ಕಳ್ಳಿ ಅಂದಿರಲಿಲ್ಲ," ಅಂದರು.

ತಮ್ಮ ಪೆನ್ಶನ್ನಿನಿಂದ ಅವರು ಔಷಧಿ ತಂದರು. ನಮ್ಮಲ್ಲಿದ್ದ ನರ್ಸ್ ಒಂದು ತಿಂಗಳು ಪಗಾರವಿಲ್ಲದೆ ದುಡಿದಳು. ಆಮೇಲೆ ಕಣ್ಣೀರು ಹಾಕುತ್ತ ಬೇರೆ ಆಸ್ಪತ್ರೆ ಸೇರಿದಳು. ಇಂಥ ಮನೆ ನಡೆಸಲು ನರ್ಸ್ ಇರಲೇಬೇಕು, ರಾತ್ರಿ ಕಾಯುವವರು ಇರಲೇಬೇಕು. ಇಲ್ಲದಿದ್ದರೆ ರೋಗಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಹೀಗಾಗಿ ಜಿಲ್ಲೆಯ ಕಚೇರಿಯವರು ಉಳಿದವರನ್ನು ಬೇರೆ ಜಿಲ್ಲೆಯ ಸರಕಾರಿ ವಸತಿಗೃಹಕ್ಕೆ ಕಳಿಸಲು ತೀರ್ಮಾನಿಸಿದರು. ಫುಲ್ಮಣಿಯ ಮಟ್ಟಿಗೆ ಒಂದೇ ಒಂದು ತಿಂಗಳು ಕೊಡಿ, ಅವಳ ಊರು ಸಿಗುವುದರಲ್ಲಿದೆ ಎಂದು ನಾನು ಬೇಡಿಕೊಂಡೆ.

"ತಿಂಗಳಾ ಯಾಕ್ರೀ?" ಅಂದರು ಅಲ್ಲಿಯ ಮೇಡಂ. "ಊರು ಸಿಕ್ಕ ಮ್ಯಾಲ ಅಲ್ಲಿಂದನ ಕರಕೊಂಡು ಹೋಗಬಹುದಲ್ಲ?" ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ.

ಶ್ರಾವಣದ ಒಂದು ಮುಂಜಾನೆ ವಾಹನ ಬಂತು. ಮಳೆ ಸುರಿಯುತ್ತಲೇ ಇತ್ತು. ಕೆಲವರು ಮಂಚ ಬಿಟ್ಟು ಏಳಲಿಲ್ಲ. ಒಬ್ಬ ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು, ಬೆರಳು ಬೆರಳಾಗಿ ಬಿಡಿಸಬೇಕಾಯಿತು. ಫುಲ್ಮಣಿ ಮಾತ್ರ ಎಲ್ಲರಿಗಿಂತ ಮೊದಲು ತಯಾರಾಗಿದ್ದಳು. ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಬಿಗಿಯಾಗಿ ಹೆಣೆದುಕೊಂಡಿದ್ದಳು. ತನ್ನೆರಡು ಸೀರೆ ಗಂಟು ಕಟ್ಟಿ ಬಗಲಲ್ಲಿ ಇಟ್ಟುಕೊಂಡು, ನಗುನಗುತ್ತ ಹೋಗಿ ಕಿಟಕಿಯ ಪಕ್ಕ ಕೂತಳು. ಊರಿಗೆ ಹೊರಟೆನೆಂದು ತಿಳಿದಿದ್ದಳು.

ಅಲ್ಲ ಎಂದು ಹೇಳುವಷ್ಟು ಅವಳ ಭಾಷೆ ನಮಗೆ ಯಾರಿಗೂ ಬರುತ್ತಿರಲಿಲ್ಲ. ರಾಯಾಪುರದ ಆ ಹೆಂಗಸು ಕೆಲಸ ಮುಗಿಸಿ ಬೇರೆ ಊರಿಗೆ ಹೋಗಿದ್ದಳು. ನಾನು ಕಿಟಕಿಯ ಹತ್ತಿರ ನಿಂತು ಕೈಸನ್ನೆ ಮಾಡಿದೆ, ತಲೆಯಾಡಿಸಿದೆ. ಅವಳು ನನ್ನ ಗಲ್ಲ ಮುಟ್ಟಿ ಏನೋ ಹೇಳಿದಳು. ನೀನೂ ಬಾ ಅಂದಳೋ, ಬರುತ್ತೇನೆ ಅಂದಳೋ ತಿಳಿಯಲಿಲ್ಲ.

ಮುಮ್ತಾಜಬಿ ಒಳಗಿಂದ ಒಂದು ದಪ್ಪ ಚಾದರ ತಂದು ಅವಳಿಗೆ ಹೊದಿಸಿದಳು. ಸಾಮಾನು ಯಾವುದನ್ನೂ ಕೊಡುವಂತಿಲ್ಲ ಎಂದು ನಾನು ನೆನಪಿಸುವ ಮೊದಲೇ ನನ್ನ ಕಡೆ ತಿರುಗಿದಳು. "ಇದು ಯಾವ ದೇಶದ ರೊಕ್ಕದ್ದು ಅಂತ ಯಾರರೆ ಕೇಳಿದ್ರ ನನ್ನ ಹೆಸರ ಹೇಳ್ರಿ ಅಕ್ಕಾರ. ಥಂಡಿ ಬಿಟ್ಟೈತಿ, ಆಕಿಗೆ ಕೆಮ್ಮು ಐತಿ."

ಬೈರಿದೇವರಕೊಪ್ಪದ ಆ ಬಾಡಿಗೆ ಮನೆಗೆ ಬೀಗ ಬಿತ್ತು. ಮಂಚಗಳು ಒಳಗೇ ಉಳಿದವು. ಸಂಸ್ಥೆಯ ಫೋನ್ ಬಿಲ್ಲು ಕಟ್ಟಲಾಗದೆ ಸಂಪರ್ಕ ಕಡಿದುಹೋಯಿತು. ನಾನು ಧಾರವಾಡದ ನನ್ನ ಮನೆಯಲ್ಲೇ ಕೂತು ಒಡಿಶಾದ ಠಾಣೆಗಳಿಗೆ, ಪಂಚಾಯಿತಿಗಳಿಗೆ ಫೋನ್ ಮಾಡುವುದನ್ನು ಮುಂದುವರಿಸಿದೆ. ನನ್ನ ಹಿಂದಿ ಅವರಿಗೆ ತಿಳಿಯದು, ಅವರ ಒಡಿಯಾ ನನಗೆ ತಿಳಿಯದು. ಗಣಪತಿ ಹಬ್ಬ ಮುಗಿದ ಮೇಲೆ ಆ ಸಂತೆಯ ಊರಿನ ಸಾಲೆಯ ಮಾಸ್ತರರೊಬ್ಬರು ಸಿಕ್ಕರು. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿ ಇನ್ನೊಬ್ಬನ ಕೈಗೆ ಕೊಟ್ಟರು. ಆಮೇಲೆ, "ಫುಲ್ಮಣಿ ಬದುಕಿದ್ದಾಳಾ ದೀದಿ?" ಎಂಬ ದನಿ. ಅವಳ ಅಣ್ಣ, ಸುನಾರಾಮ.

ಬದುಕಿದ್ದಾಳೆ, ಬನ್ನಿ ಎಂದೆ. ಅದೇ ದಿನ ವಸತಿಗೃಹಕ್ಕೂ ಫೋನ್ ಹಚ್ಚಿದೆ. ಯಾರೂ ಎತ್ತಲಿಲ್ಲ. ಹೇಗೂ ಅಣ್ಣ ಬರುತ್ತಾನೆ, ಜೊತೆಗೇ ಹೋದರಾಯಿತು ಅಂದುಕೊಂಡೆ.

ಸುನಾರಾಮ ಮೂರು ರೈಲು ಬದಲಿಸಿ ಹುಬ್ಬಳ್ಳಿಯಲ್ಲಿ ಇಳಿದ. ಸಣಕಲು ಮನುಷ್ಯ, ತಂಗಿಯದೇ ಕಣ್ಣು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಅವಲಕ್ಕಿ, ತಂಗಿಗೆಂದು ತಂದ ಕೆಂಪು ಅಂಚಿನ ಬಿಳಿ ಸೀರೆ. ಅವತ್ತೇ ಇಬ್ಬರೂ ಬಸ್ಸು ಹಿಡಿದೆವು. ಇಡೀ ದಾರಿ ಅವನು ಅವಳ ಬಾಲ್ಯದ್ದೇ ಮಾತಾಡಿದ. ಈಜುವುದರಲ್ಲಿ ಹುಡುಗರನ್ನೂ ಹಿಂದೆ ಹಾಕುತ್ತಿದ್ದಳಂತೆ. ಅವಳು ಬಂದರೆ ಇರಲೆಂದು ತನ್ನ ಮನೆಯ ಮಗ್ಗುಲಿಗೆ ಒಂದು ಕೋಣೆಗೆ ಮಣ್ಣಿನ ಗೋಡೆ ಎಬ್ಬಿಸಿ ಬಂದಿದ್ದ.

ವಸತಿಗೃಹದ ಮೇಲ್ವಿಚಾರಕಿ ನಮ್ಮನ್ನು ನೋಡಿ ಕುರ್ಚಿ ತೋರಿಸಿದರು. ಹೆಸರು ಹೇಳಿದ ಮೇಲೆ ಮುಂದಿದ್ದ ರಿಜಿಸ್ಟರ್ ಮುಚ್ಚಿಟ್ಟರು.

"ಆಕಿ ಇಲ್ರೀ. ಹತ್ತಿಪ್ಪತ್ತ ದಿನದ ಮಾತು. ರೇಷನ್ ಗಾಡಿ ಬಂದಿತ್ತು, ಗೇಟ್ ತಗದಿತ್ತು. ಬಟ್ಟಿ ಒಣ ಹಾಕಾಕ ಅಂತ ಹೋದಾಕಿ ತಿರುಗಿ ಬರಲಿಲ್ಲ. ನೂರಾರು ಮಂದಿಗೆ ನಾವ್ ನಾಲ್ಕ್ ಜನ ಅದೇವ್ರಿ. ಪೊಲೀಸ್ರಿಗೆ ಹೇಳೇವಿ. ನಿಮ್ಮ ಸಂಸ್ಥೆಗೂ ಫೋನ್ ಹಚ್ಚಿದ್ವಿ. ಆ ನಂಬರ್ ಬಂದ್ ಇತ್ತು."

ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಬೇಕಾಯಿತು. ಜೀವನದಲ್ಲಿ ಅಷ್ಟು ಕಷ್ಟದ ಮಾತು ನಾನು ಇನ್ನೊಂದು ಆಡಿಲ್ಲ. ಸುನಾರಾಮ ಕೂಗಾಡಲಿಲ್ಲ. ಯಾವ ಕಡೆ ಹೋದಳು ಎಂದು ಮಾತ್ರ ಕೇಳಿದ. ಮೇಲ್ವಿಚಾರಕಿ ಗೇಟಿನವರೆಗೆ ಬಂದು ಕೈ ತೋರಿಸಿದರು. ಉದ್ದಕ್ಕೆ ಹೋದ ಡಾಂಬರು ರಸ್ತೆ, ಎರಡೂ ಕಡೆ ಗೋವಿನಜೋಳದ ಹೊಲ. ಅವನು ಚೀಲ ನನ್ನ ಹತ್ತಿರ ಬಿಟ್ಟು ಆ ರಸ್ತೆಯಲ್ಲಿ ನಡೆದುಹೋದ. ಬಹಳ ದೂರ ಹೋಗಿ ಚಿಕ್ಕದಾಗಿ ಕಂಡ. ಅಲ್ಲೇ ನಿಂತು ಆ ಕಡೆ ಈ ಕಡೆ ನೋಡಿ ತಿರುಗಿ ಬಂದ.

ಒಂದು ವಾರ ಹುಡುಕಿದೆವು. ಬಸ್‌ಸ್ಟ್ಯಾಂಡು, ಸ್ಟೇಷನ್ನು, ದರ್ಗಾ, ಗುಡಿಗಳ ಮುಂದಿನ ಸಾಲು, ಆಸ್ಪತ್ರೆಗಳು. ಮುಮ್ತಾಜಬಿಯ ಗಂಡ ಗ್ಯಾರೇಜ್ ಮುಚ್ಚಿ ಬೈಕಿನ ಮೇಲೆ ಸುನಾರಾಮನನ್ನು ಕೂರಿಸಿಕೊಂಡು ಊರೂರು ತಿರುಗಿದ. ಶಾಂತಕ್ಕ ಒಂದು ಸಂಜೆ ಅವನನ್ನು ತಮ್ಮ ತಮ್ಮನ ಮನೆಗೆ ಕರೆಸಿ, ಎದುರಿಗೆ ಕೂತು ಅನ್ನ ಬಡಿಸಿದರು. ಊರಲ್ಲಿ ಭತ್ತದ ಕೊಯ್ಲು ಬಂದಿತ್ತು. ಅವನು ಹೋಗಲೇಬೇಕಿತ್ತು. ರೈಲು ಹತ್ತುವಾಗ ಆ ಸೀರೆಯನ್ನು ನನಗೆ ಕೊಟ್ಟ. ಸಿಕ್ಕ ದಿನ ಉಡಿಸಿ ಅಂದ.

ನಮ್ಮ ಪರವಾನಗಿ ಯಾಕೆ ಹೋಯಿತೆಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ. ಮನವಿಗೆ ಉತ್ತರ ಬರಲಿಲ್ಲ. ಶಾಂತಕ್ಕ ಈಗ ದೇಶಪಾಂಡೆ ನಗರದಲ್ಲಿ ತಮ್ಮನ ಮನೆಯಲ್ಲಿ ಇದ್ದಾರೆ. ಕಣ್ಣು ಮಂಜಾಗಿದೆ. ನಾನು ಹೋದಾಗಲೆಲ್ಲ ಅದೇ ಮಾತು: "ಬ್ಯಾಡ ಅಂದಿದ್ರ ಬ್ಯಾಡ. ಯಾಕಂತ ಹೇಳಬೇಕಾಗಿತ್ತಲ್ಲ ಗಿರಿಜಾ. ತಿದ್ದಿಕೋತಿದ್ನಲ್ಲ."

ಸುನಾರಾಮ ಪ್ರತಿ ಸಂಕ್ರಾಂತಿಗೆ ಫೋನ್ ಮಾಡುತ್ತಾನೆ. ಸುದ್ದಿ ಇದೆಯಾ ಎಂದು ಕೇಳುತ್ತಿದ್ದ. ಹುಡುಕುತ್ತಿದ್ದೇವೆ ಎಂದು ನಾನು ಹೇಳುತ್ತಿದ್ದೆ. ಹೋದ ಸಂಕ್ರಾಂತಿಗೆ ಅವನು ಕೇಳಲಿಲ್ಲ. ಬೆಳೆಯ ಮಾತಾಡಿದ, ಮಳೆಯ ಮಾತಾಡಿದ. ಕಡೆಗೆ, ಊರಿನ ಹಿರಿಯರು ಜೀವ ಅಲೆಯಬಾರದೆಂದರು, ಅವಳ ಹೆಸರಿನಲ್ಲಿ ಮಾಡುವುದನ್ನೆಲ್ಲ ಮಾಡಿ ಮುಗಿಸಿದೆವು ಅಂದ. ಆ ಸೀರೆಯನ್ನು ಯಾರಾದರೂ ಬಡವರಿಗೆ ಕೊಟ್ಟುಬಿಡಿ ದೀದಿ, ಇನ್ನು ಹುಡುಕಬೇಡಿ ಅಂದ.

ಮುಮ್ತಾಜಬಿಗೆ ಹೇಳಿದೆ. ಅವಳು ಈಗ ಒಂದು ಮಂಗಲ ಕಾರ್ಯಾಲಯದ ಅಡುಗೆಗೆ ಹೋಗುತ್ತಾಳೆ. ಕೈಯಲ್ಲಿದ್ದ ಉಳ್ಳಾಗಡ್ಡಿ ಹೆಚ್ಚುತ್ತಲೇ ಇದ್ದಳು. ಹೆಚ್ಚಿ ಮುಗಿಸಿ ತಲೆ ಎತ್ತಿದಳು.

"ಕೊಡಬ್ಯಾಡ್ರಿ ಅಕ್ಕಾರ. ಅವ್ರು ಮಣ್ಣ ಮಾಡ್ಯಾರ. ನಾವು ಇನ್ನೂ ಮಾಡಿಲ್ಲ."